ಗ್ರಂಥಸೂಚಿಯಲ್ಲಿ ಕರ್ತೃ ಯಾರು? ನಾಲ್ಕು ತಾಲ್ಲೂಕುಗಳ ಪುಸ್ತಕಗಳ ಮುಂದೆ ಸೂಚೀಕರಣದ ನಿಯಮಗಳು

ಶಾಲಾ ಗ್ರಂಥಾಲಯದ ಹೊಣೆ ಹೊತ್ತ ಅಧ್ಯಾಪಕರಿಗೆ ಅಕ್ಸೆಷನ್ ರಿಜಿಸ್ಟರ್ ಚಿರಪರಿಚಿತ. ಕ್ರಮಸಂಖ್ಯೆ, ದಿನಾಂಕ, ಲೇಖಕರು, ಶೀರ್ಷಿಕೆ, ಪ್ರಕಾಶಕರು, ಪುಟ, ಬೆಲೆ ಎಂದು ಅಂಕಣಗಳಿರುತ್ತವೆ. ಪುಟಗಳನ್ನು ಎಣಿಸಬಹುದು, ಬೆಲೆ ಬಿಲ್ಲಿನಲ್ಲಿದೆ. 'ಲೇಖಕರು' ಎಂಬ ಅಂಕಣ ಮಾತ್ರ ಮೇಲುನೋಟಕ್ಕೆ ಸುಲಭವಾಗಿ ಕಂಡರೂ ತುಂಬಲು ಹೋದಾಗ ತೊಡಕಿನದು. ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾದ ಹೆಸರನ್ನು ಅಲ್ಲಿ ಬರೆದು ಮುಂದಿನ ಸಾಲಿಗೆ ಹೋಗುವುದು ನಮ್ಮೆಲ್ಲರ ರೂಢಿ. ಈ ರಿಜಿಸ್ಟರುಗಳೇ ಈಗ ಗಣಕಕ್ಕೆ ಏರುತ್ತಿವೆ. ಒಂದು ಗ್ರಂಥಾಲಯದ ನಮೂದನ್ನು ಇನ್ನೊಂದು ನಕಲು ಮಾಡಿಕೊಳ್ಳುತ್ತದೆ. ಹೀಗಾಗಿ ಒಂದು ಕಡೆಯ ಅವಸರ ಹತ್ತು ಕಡೆ ನಿಜವಾಗಿ ನಿಲ್ಲುತ್ತದೆ.

ಪ್ರಯೋಗಕ್ಕೆಂದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಗೆ ಸೇರಿದ ಪುಸ್ತಕಗಳನ್ನು ಒಂದು ಕಪಾಟಿನಲ್ಲಿ ಜೋಡಿಸೋಣ. ಅಲ್ಲಿ ಹುಟ್ಟಿದವರು ಬರೆದದ್ದು, ಅಲ್ಲಿಯ ಅರಮನೆಯಲ್ಲಿ ರಚನೆಯಾದದ್ದು, ಅಲ್ಲಿಯ ಕಲ್ಲು ತಾಮ್ರಗಳ ಮೇಲಿಂದ ಓದಿ ಅಚ್ಚಿಗೆ ತಂದದ್ದು, ಎಲ್ಲವೂ ಇರಲಿ. ಸೂಚೀಕರಣ ಶಾಸ್ತ್ರದ ಕಠಿಣ ಸಮಸ್ಯೆಗಳಲ್ಲಿ ಬಹುಪಾಲು ಈ ಒಂದೇ ಕಪಾಟಿನಲ್ಲಿ ಸಿಗುತ್ತವೆ. ನಿಯಮಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಇವುಗಳ ಮುಂದಿಟ್ಟು ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸೂಚಿಯಲ್ಲಿ ಕರ್ತೃವಿನ ಹೆಸರು ಎಂಬುದು ವಿಜ್ಞಾನದ ಇತರ ಹೇಳಿಕೆಗಳಂತೆ ಪರೀಕ್ಷೆಗೆ ಒಳಪಡಬೇಕಾದ ಒಂದು ಹೇಳಿಕೆ. ಆತ ಏನು ಮಾಡಿದ ಎಂದು ತಿಳಿಸದೆ ಹೆಸರನ್ನಷ್ಟೇ ಬರೆದರೆ ಆ ಹೇಳಿಕೆ ಅರ್ಧವಾಗುತ್ತದೆ. ಅರ್ಧ ಹೇಳಿಕೆಯ ಲಾಭ ಸಾಮಾನ್ಯವಾಗಿ ಹೆಚ್ಚು ಪ್ರಸಿದ್ಧನಿಗೆ ಸಲ್ಲುತ್ತದೆ.

ನಿಯಮಗಳು ಹೇಳುವುದೇನು?

ಸೂಚಿ ಏನನ್ನು ಸಾಧಿಸಬೇಕು ಎಂಬುದನ್ನು ಅಮೆರಿಕದ ಚಾರ್ಲ್ಸ್ ಕಟರ್ 1876ರಲ್ಲಿ ಸ್ಪಷ್ಟವಾಗಿ ಬರೆದಿಟ್ಟ. ಲೇಖಕ, ಶೀರ್ಷಿಕೆ ಅಥವಾ ವಿಷಯ ಗೊತ್ತಿರುವ ಓದುಗನಿಗೆ ಪುಸ್ತಕ ಸಿಗಬೇಕು. ಒಬ್ಬ ಲೇಖಕನದು ಎಂದು ಗ್ರಂಥಾಲಯದಲ್ಲಿ ಏನೇನಿದೆಯೋ ಅದೆಲ್ಲ ಒಟ್ಟಿಗೆ ಕಾಣಬೇಕು. ಮೊದಲನೆಯದು ಹುಡುಕಿಕೊಡುವ ಕೆಲಸ, ಎರಡನೆಯದು ಕೂಡಿಸಿಕೊಡುವ ಕೆಲಸ. ನಂತರ ಬಂದ ನಿಯಮಾವಳಿಗಳೆಲ್ಲ ಈ ಎರಡನ್ನೂ ಒಪ್ಪಿಕೊಂಡೇ ಹೊರಟಿವೆ.

ನಮ್ಮ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿದವರು. 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ದಾಖಲೀಕರಣ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದವರು. ಅವರ ಸೂಚೀಕರಣ ಸಂಹಿತೆ ಪ್ರಕಟವಾದದ್ದು 1934ರಲ್ಲಿ. ಗಣಿತಜ್ಞರಿಗೆ ಒಪ್ಪುವ ರೀತಿಯಲ್ಲಿ ಅವರು ಮೊದಲು ಸೂತ್ರಗಳನ್ನು ಕೊಟ್ಟು, ಆಮೇಲೆ ನಿಯಮಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೂರು ನಮಗೆ ಇಲ್ಲಿ ಮುಖ್ಯ. ಶೀರ್ಷಕ್ಕೆ ಬೇಕಾದ ಮಾಹಿತಿ ಪುಸ್ತಕದ ಮುಖಪುಟದಿಂದ ಖಚಿತವಾಗಿ ಸಿಗುವಂತಿರಬೇಕು ಎಂಬುದು ಒಂದು. ಒಂದು ಹೆಸರು ಒಬ್ಬನನ್ನೇ ಸೂಚಿಸಬೇಕು ಎಂಬುದು ಇನ್ನೊಂದು. ಓದುಗ ಯಾವ ಹೆಸರಿನಲ್ಲಿ ಹುಡುಕುತ್ತಾನೋ ಆ ಹೆಸರಿಗೆ ನಮೂದು ಇರಬೇಕು ಎಂಬುದು ಮೂರನೆಯದು.

ಪಶ್ಚಿಮದಲ್ಲಿ ದೀರ್ಘಕಾಲ ಆಳಿದ್ದು ಆಂಗ್ಲೋ ಅಮೆರಿಕನ್ ನಿಯಮಾವಳಿ. 1978ರಲ್ಲಿ ಬಂದ ಅದರ ಎರಡನೆಯ ಆವೃತ್ತಿ ನಮ್ಮ ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲೂ ಪಠ್ಯವಾಗಿತ್ತು. ಅದರಲ್ಲಿ 'ಮೂವರ ನಿಯಮ' ಎಂಬುದೊಂದಿತ್ತು. ಇಬ್ಬರು ಅಥವಾ ಮೂವರು ಲೇಖಕರಿದ್ದರೆ ಮೊದಲ ಹೆಸರಿನಲ್ಲಿ ಮುಖ್ಯ ನಮೂದು, ಉಳಿದವರಿಗೆ ಹೆಚ್ಚುವರಿ ನಮೂದು. ನಾಲ್ವರಾದರೆ ಶೀರ್ಷಿಕೆಯ ಅಡಿಯಲ್ಲಿ ಮುಖ್ಯ ನಮೂದು, ಮೊದಲನೆಯವರ ಹೆಸರು ಮಾತ್ರ ಉಳಿದು ಮಿಕ್ಕವರು 'ಮತ್ತು ಇತರರು'. ಇದರ ಹಿಂದೆ ತತ್ತ್ವವೇನೂ ಇರಲಿಲ್ಲ. ಒಂದೊಂದು ಹೆಸರಿಗೂ ಒಂದೊಂದು ಕಾರ್ಡನ್ನು ಬೆರಳಚ್ಚು ಮಾಡಿ ಡ್ರಾಯರಿನಲ್ಲಿ ಅದರ ಜಾಗಕ್ಕೆ ಸೇರಿಸಬೇಕಾಗಿದ್ದ ಕಾಲದ ಮಿತವ್ಯಯ ಅದು. ಗಣಕ ಬಂದ ಮೇಲೆ ಕಾರಣ ಹೋಯಿತು, ಅಭ್ಯಾಸ ಉಳಿಯಿತು. 2010ರಲ್ಲಿ ಬಂದ ಆರ್.ಡಿ.ಎ. ನಿಯಮಾವಳಿ ಈ ಮಿತಿಯನ್ನು ತೆಗೆದುಹಾಕಿತು. ಕೃತಿಯನ್ನು ಹುಟ್ಟಿಸಿದವನಿಗೆ 'ಕರ್ತೃ' ಎಂದೂ, ಇದ್ದ ಕೃತಿಯನ್ನು ಅನುವಾದಿಸಿದ, ಸಂಪಾದಿಸಿದ, ಹಾಡಿದವರಿಗೆ 'ಸಹಕರ್ತೃ' ಎಂದೂ ಅದು ಬೇರೆ ಬೇರೆ ಸ್ಥಾನ ಕೊಟ್ಟಿತು.

ಈಗ ಕಪಾಟಿನ ಕಡೆಗೆ ತಿರುಗೋಣ.

ಕಲ್ಲು, ತಾಮ್ರ ಮತ್ತು 'ಎಪಿಗ್ರಾಫಿಯ'

ಕಪಾಟಿನ ಅತಿ ಭಾರದ ಪುಸ್ತಕಗಳು 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳು. ಬಿ.ಎಲ್. ರೈಸ್ ಅವರ ಕಾಲದಲ್ಲಿ ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವು 1898ರ ನಾಲ್ಕನೆಯ ಸಂಪುಟದಲ್ಲಿ ಬಂದವು. ಪಾಂಡವಪುರ ಆಗ ಫ್ರೆಂಚ್ ರಾಕ್ಸ್. ತಾಲ್ಲೂಕಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ ಆರನೆಯ ಸಂಪುಟಕ್ಕೆ (1977) ಬಂದವು. ನಾಗಮಂಗಲವು ಮಂಡ್ಯ, ಮದ್ದೂರು, ಮಳವಳ್ಳಿಗಳೊಡನೆ ಏಳನೆಯದಕ್ಕೆ (1979) ಹೋಯಿತು.

ಈ ಪುಸ್ತಕದ ಕರ್ತೃ ಯಾರು? ಸೂಚಿಗಳನ್ನು ತೆರೆದರೆ ಒಂದು ಕಡೆ ರೈಸ್, ಇನ್ನೊಂದು ಕಡೆ ಮೈಸೂರು ಸರ್ಕಾರದ ಪ್ರಾಕ್ತನ ಇಲಾಖೆ, ಮತ್ತೊಂದು ಕಡೆ ಕರ್ತೃವೇ ಇಲ್ಲದೆ ಶೀರ್ಷಿಕೆ. ಪರಿಷ್ಕೃತ ಸಂಪುಟಗಳಿಗೂ ರೈಸ್ ಎಂದೇ ಬರೆದಿರುವ ರಿಜಿಸ್ಟರನ್ನು ನಾನು ನೋಡಿದ್ದೇನೆ. ಅದು ಸುಮ್ಮನೆ ತಪ್ಪು. ಪಾಠಗಳನ್ನು ಮತ್ತೆ ಓದಿ, ಹೊಸದಾಗಿ ದೊರೆತವನ್ನು ಸೇರಿಸಿ, ಕ್ರಮಸಂಖ್ಯೆಗಳನ್ನು ಬದಲಿಸಿದ ಪುಸ್ತಕವದು. ರೈಸ್ ಎಂದು ನಮೂದಾದರೆ ವಿದ್ಯಾರ್ಥಿ ಹಳೆಯ ಸಂಖ್ಯೆಯನ್ನು ಹಿಡಿದು ಹೊಸ ಸಂಪುಟದಲ್ಲಿ ಹುಡುಕಿ ಸೋಲುತ್ತಾನೆ. ಹೆಸರಿನ ತಪ್ಪು ಇಲ್ಲಿ ನೇರವಾಗಿ ಸಂಶೋಧನೆಯ ತಪ್ಪಾಗುತ್ತದೆ.

ಇದಕ್ಕಿಂತ ಕುತೂಹಲದ ಪ್ರಶ್ನೆ ಪುಸ್ತಕದ ಒಳಗಿದೆ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನವನ್ನೇ ನೋಡಿ. ಶಕ 698ರದು, ಅಂದರೆ ಕ್ರಿ.ಶ. 776ರ ಸುಮಾರಿನದು. ಗಂಗ ದೊರೆ ಶ್ರೀಪುರುಷ ಒಂದು ಜಿನಾಲಯಕ್ಕೆ ದತ್ತಿ ಬಿಟ್ಟದ್ದು. ಜಿನಾಲಯವನ್ನು ಕಟ್ಟಿಸಿದವಳು ಕುಂದಾಚ್ಚಿ ಎಂಬ ಹೆಣ್ಣುಮಗಳು. ಶಾಸನವನ್ನು ಸಿದ್ಧಪಡಿಸಿದವನು ವಿಶ್ವಕರ್ಮಾಚಾರ್ಯ. ಆತ ಕಲೆಗಳನ್ನು ಬಲ್ಲವನೆಂದು ಶಾಸನವೇ ಹೇಳುತ್ತದೆ. ದೊರೆಯ ಆಜ್ಞೆ ಇಲ್ಲದೆ ಈ ಪಠ್ಯ ಇಲ್ಲ. ಕುಂದಾಚ್ಚಿಯ ಜಿನಾಲಯ ಇಲ್ಲದೆ ಆಜ್ಞೆಗೆ ಸಂದರ್ಭವಿಲ್ಲ. ಆಚಾರಿಯ ಕೈ ಇಲ್ಲದೆ ಅಕ್ಷರವಿಲ್ಲ. ನಮ್ಮ ಶಾಸನಗಳ ಕೊನೆಯಲ್ಲಿ ಬರುವ 'ಲಿಖಿತಂ' ಎಂಬ ಪದ ಪಠ್ಯ ರಚಿಸಿದವನನ್ನು ಸೂಚಿಸುತ್ತದೋ, ಅಕ್ಷರ ಬರೆದುಕೊಟ್ಟವನನ್ನೋ, ಕೆತ್ತಿದವನನ್ನೋ ಎಂಬುದು ಪ್ರತಿ ಶಾಸನದಲ್ಲೂ ಬಿಡಿಯಾಗಿ ತೀರ್ಮಾನಿಸಬೇಕಾದ ವಿಷಯ. ಆದರೂ ಸೂಚಿಯಲ್ಲಿ ಇದು 'ಶ್ರೀಪುರುಷನ ಶಾಸನ'. ಶ್ರೀಪುರುಷ ಇಲ್ಲಿ ದಾನಿ, ಆಜ್ಞಾಪಕ. ಆ ಎರಡು ಪದಗಳಲ್ಲಿ ಒಂದನ್ನು ಹೆಸರಿನ ಮುಂದೆ ಸೇರಿಸಿ, ಇನ್ನೊಂದು ಸಾಲಿನಲ್ಲಿ 'ವಿಶ್ವಕರ್ಮಾಚಾರ್ಯ, ಲಿಪಿಕಾರ' ಎಂದು ಬರೆಯಲು ಎಷ್ಟು ಶಾಯಿ ಬೇಕು?

ಹೆಸರು ಬರೆದಿಟ್ಟು ಹೋದವರನ್ನೂ ನಾವು ಮರೆಯುತ್ತೇವೆ ಎಂಬುದಕ್ಕೆ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಸಾಕ್ಷಿ. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಕಲ್ಲಿನ ಮೇಲೆ ತನ್ನ ಹೆಸರನ್ನು ಬಿಟ್ಟಿದ್ದಾನೆ. ಆದರೆ ಹೊಯ್ಸಳ ಗುಡಿ ಎಂದೊಡನೆ ಪ್ರವಾಸಕ್ಕೆ ಬಂದ ಮಕ್ಕಳ ಬಾಯಲ್ಲಿ ಬರುವುದು ಜಕಣಾಚಾರಿ. ಒಂದು ದೊಡ್ಡ ಹೆಸರು ಸಿಕ್ಕಿದರೆ ಸುತ್ತಲಿನ ಕೆಲಸವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಪುಸ್ತಕಲೋಕದಲ್ಲಿ ಆಗುವುದೂ ಇದೇ.

ದೊರೆಯ ಹೆಸರಿನಲ್ಲಿ

ಶ್ರೀರಂಗಪಟ್ಟಣದಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನ ಸಾಹಿತ್ಯಕ್ಕೆ ಹೆಸರಾದದ್ದು. 'ಚಿಕದೇವರಾಜ ಬಿನ್ನಪಂ', 'ಗೀತಗೋಪಾಲಂ' ಎಂಬ ಕೃತಿಗಳು ದೊರೆಯ ಹೆಸರಿನಲ್ಲಿಯೇ ಇವೆ. ಅವನ್ನು ಬರೆದವನು ಮಂತ್ರಿಯೂ ಕವಿಯೂ ಆಗಿದ್ದ ತಿರುಮಲಾರ್ಯನೇ ಇರಬೇಕು ಎಂಬ ವಾದ ವಿದ್ವಾಂಸರಲ್ಲಿ ಹಳೆಯದು. ರಂಗನಾಥನ್ ಅವರ ಮೊದಲ ಸೂತ್ರವನ್ನು ಹಿಡಿದರೆ ಮುಖಪುಟ ಹೇಳಿದಂತೆ ದೊರೆಯನ್ನು ಬರೆಯಬೇಕು. ಆಂಗ್ಲೋ ಅಮೆರಿಕನ್ ನಿಯಮದ ಪ್ರಕಾರ ಆಕರಗ್ರಂಥಗಳು ಒಬ್ಬನನ್ನು ಸಂಭಾವ್ಯ ಕರ್ತೃವೆಂದು ಸೂಚಿಸಿದರೆ ಅವನ ಹೆಸರಿನಲ್ಲಿ ನಮೂದಿಸಬಹುದು. ಯಾವುದು ಸರಿ?

ಇಲ್ಲಿ ಗ್ರಂಥಪಾಲಕ ನ್ಯಾಯಾಧೀಶನಾಗಬಾರದು ಎಂದೇ ನನ್ನ ಅಭಿಪ್ರಾಯ. ಕರ್ತೃತ್ವವನ್ನು ತೀರ್ಮಾನಿಸುವುದು ಭಾಷೆ, ಶೈಲಿ, ಹಸ್ತಪ್ರತಿಗಳನ್ನು ತೂಗಿ ನೋಡುವ ಸಂಶೋಧಕರ ಕೆಲಸ. ಸೂಚಿಯ ಕೆಲಸ ವಿವಾದ ಇದೆ ಎಂಬುದನ್ನು ಅಡಗಿಸದಿರುವುದು. 'ಚಿಕ್ಕದೇವರಾಜ ಒಡೆಯರ್, ಆರೋಪಿತ ಕರ್ತೃ; ತಿರುಮಲಾರ್ಯ, ಸಂಭಾವ್ಯ ಕರ್ತೃ' ಎಂದು ಎರಡೂ ಹೆಸರಿಗೆ ನಮೂದು ಇದ್ದರೆ ಯಾರ ಹೆಸರಿನಲ್ಲಿ ಹುಡುಕಿದರೂ ಪುಸ್ತಕ ಸಿಗುತ್ತದೆ, ಯಾರಿಗೂ ಸುಳ್ಳು ಹೇಳಿದಂತಾಗುವುದಿಲ್ಲ. ಮಾಪನದಲ್ಲಿ ದೋಷದ ವ್ಯಾಪ್ತಿಯನ್ನು ಜೊತೆಗೇ ಬರೆಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವ ನಾವು ಪುಸ್ತಕದ ಪಟ್ಟಿಯಲ್ಲಿ ಅದನ್ನು ಯಾಕೆ ಮರೆಯಬೇಕು?

ಅದೇ ಆಸ್ಥಾನದ ಸಿಂಗರಾರ್ಯ, ತಿರುಮಲಾರ್ಯನ ತಮ್ಮ, 'ಮಿತ್ರವಿಂದಾ ಗೋವಿಂದ'ವನ್ನು ಬರೆದ. ಉಳಿದು ಬಂದಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂದು ಇದಕ್ಕೆ ಮನ್ನಣೆ. ಹರ್ಷನ 'ರತ್ನಾವಳಿ'ಯನ್ನು ಅನುಸರಿಸಿ, ಉದಯನನ ಕಥೆಯ ಜಾಗಕ್ಕೆ ಕೃಷ್ಣನ ಕಥೆಯನ್ನು ತಂದಿದ್ದಾನೆ. ಕಥೆ, ಪಾತ್ರ ಬದಲಾದುದರಿಂದ ಇದು ರೂಪಾಂತರ; ಕರ್ತೃ ಸಿಂಗರಾರ್ಯನೇ. ಹರ್ಷನಿಗೆ 'ಮೂಲಕೃತಿಯ ಕರ್ತೃ' ಎಂದು ಒಂದು ಸಾಲು ಸಾಕು. ತಮಾಷೆಯೆಂದರೆ, 'ರತ್ನಾವಳಿ'ಯನ್ನೇ ಹರ್ಷ ಧಾವಕನೆಂಬ ಕವಿಯಿಂದ ಬರೆಸಿದನೆಂಬ ಗುಸುಗುಸು ಸಂಸ್ಕೃತ ವ್ಯಾಖ್ಯಾನಕಾರರಲ್ಲಿ ಇತ್ತು. ದೊರೆಗಳ ಹೆಸರಿನ ಸಮಸ್ಯೆ ಶ್ರೀರಂಗಪಟ್ಟಣದಲ್ಲಿ ಶುರುವಾದದ್ದಲ್ಲ.

ಶತಮಾನದ ನಂತರ ಇದೇ ಊರಿನಲ್ಲಿ ಇನ್ನೊಂದು ಉದಾಹರಣೆ. ವಿಜ್ಞಾನದ ವಿದ್ಯಾರ್ಥಿಗಳು ಮೈಸೂರಿನ ರಾಕೆಟ್ಟುಗಳ ಬಗ್ಗೆ ಓದಿರುತ್ತಾರೆ. ರೊದ್ದಂ ನರಸಿಂಹ ಅವರು 1985ರಲ್ಲಿ ಈ ಬಗ್ಗೆ ಬರೆದ ಪ್ರಬಂಧ ಇಂದಿಗೂ ಆಧಾರ. ರಾಕೆಟ್ ದಳದ ಏರ್ಪಾಟಿನ ವಿವರಗಳಿರುವ 'ಫತ್‌ಹುಲ್ ಮುಜಾಹಿದೀನ್' ಎಂಬ ಪಾರಸಿ ಸೈನ್ಯ ಕೈಪಿಡಿಯನ್ನು ಟಿಪ್ಪು ಬರೆದನೆಂದು ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಟಿಪ್ಪುವಿನ ನಿರ್ದೇಶನದಂತೆ ಅದನ್ನು ರಚಿಸಿದವನು ಜೈನುಲ್ ಆಬಿದೀನ್ ಶುಸ್ತರಿ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಭಂಡಾರ ಕಂಪನಿಯ ಕೈಸೇರಿತು. ಚಾರ್ಲ್ಸ್ ಸ್ಟ್ಯೂವರ್ಟ್ 1809ರಲ್ಲಿ ಅದರ ವಿವರಣಾತ್ಮಕ ಸೂಚಿಯನ್ನು ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಆ ಭಂಡಾರದ ಪುಸ್ತಕಗಳಲ್ಲಿ ಟಿಪ್ಪುವಿನ ಪಾಲು ಒಂದೇ ಬಗೆಯದಲ್ಲ. ಕನಸುಗಳನ್ನು ಬರೆದಿಟ್ಟ ಪುಸ್ತಕ ಆತನ ಸ್ವಂತ ಕೈಬರಹ. ಕೈಪಿಡಿಯಲ್ಲಿ ಆತ ನಿರ್ದೇಶಕ. ಬೇರೆ ಕೆಲವಕ್ಕೆ ಆತ ಬರೀ ಒಡೆಯ. ಮೂರಕ್ಕೂ 'ಟಿಪ್ಪು ಸುಲ್ತಾನ್' ಎಂದಷ್ಟೇ ಬರೆದರೆ, ಕನಸಿನ ಪುಸ್ತಕಕ್ಕಿರುವ ಅಪೂರ್ವತೆಯೇ ಕಳೆದುಹೋಗುತ್ತದೆ.

ಈ ರಾಕೆಟ್ಟುಗಳ ಚಿತ್ರವನ್ನು ಅಮೆರಿಕದ ವಾಲಪ್ಸ್ ಕೇಂದ್ರದಲ್ಲಿ ಕಂಡದ್ದನ್ನು ಅಬ್ದುಲ್ ಕಲಾಂ ಅವರು 'ವಿಂಗ್ಸ್ ಆಫ್ ಫೈರ್' (1999) ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ಪುಸ್ತಕದ ಮುಖಪುಟದಲ್ಲಿ ಅರುಣ್ ತಿವಾರಿ ಎಂಬ ಇನ್ನೊಂದು ಹೆಸರೂ ಇದೆ. ನಿಮ್ಮ ಶಾಲೆಯ ರಿಜಿಸ್ಟರಿನಲ್ಲಿ ಅದು ಇದೆಯೇ, ಒಮ್ಮೆ ನೋಡಿ.

ಬೆಳ್ಳೂರಿನ ಶ್ರೀಕಂಠಯ್ಯನವರು

ನಿಯಮಗಳ ನಿಜವಾದ ಕಷ್ಟ ಕಾಣುವುದು ಬಿ.ಎಂ.ಶ್ರೀ. ಅವರಲ್ಲಿ. ಹೆಸರಿನ ಮೊದಲ ಅಕ್ಷರ ಸೂಚಿಸುವ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು. ಅವರ ನಾಲ್ಕು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಡಿ. 'ಪಾರಸಿಕರು' (1935) ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ನಾಟಕದ ಅನುವಾದ. 'ಅಶ್ವತ್ಥಾಮನ್' (1929) ಸೋಫೋಕ್ಲಿಸ್‌ನ 'ಏಜಾಕ್ಸ್'ನ ಚೌಕಟ್ಟನ್ನು ಮಹಾಭಾರತಕ್ಕೆ ತಂದದ್ದು. 'ಗದಾಯುದ್ಧ ನಾಟಕಂ' (1926) ರನ್ನನ ಚಂಪೂಕಾವ್ಯವನ್ನು ನಾಟಕವಾಗಿ ಜೋಡಿಸಿದ್ದು. 'ಇಂಗ್ಲಿಷ್ ಗೀತಗಳು' (1926) ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಮೊದಲಾದ ಹಲವು ಕವಿಗಳ ಪದ್ಯಗಳು ಕನ್ನಡವಾದದ್ದು. ನಾಲ್ಕೂ ಪುಸ್ತಕಗಳ ಬೆನ್ನಿನ ಮೇಲೆ ಒಂದೇ ಹೆಸರು.

ಮೊದಲೆರಡು ಸುಲಭ. 'ಪಾರಸಿಕರು' ಕೃತಿಗೆ ಕರ್ತೃ ಈಸ್ಕಿಲಸ್, ಅನುವಾದಕ ಬಿ.ಎಂ.ಶ್ರೀ. 'ಅಶ್ವತ್ಥಾಮನ್' ಹೊಸ ಕೃತಿ, ಕರ್ತೃ ಅವರೇ. ಗ್ರೀಕರ ವೀರನ ಅಭಿಮಾನಭಂಗವನ್ನು ದ್ರೋಣಪುತ್ರನ ಮೈಮೇಲೆ ತಂದುದು ಅನುವಾದವೆನಿಸುವುದಿಲ್ಲ.

'ಇಂಗ್ಲಿಷ್ ಗೀತಗಳು' ಬಂದಾಗ ನಿಯಮ ವಿಚಿತ್ರವಾಗಿ ವರ್ತಿಸುತ್ತದೆ. ಹಲವರ ಕೃತಿಗಳ ಅನುವಾದ ಸಂಕಲನವನ್ನು ಆಂಗ್ಲೋ ಅಮೆರಿಕನ್ ನಿಯಮಾವಳಿ ಸಂಕಲನವೆಂದೇ ಎಣಿಸಿ ಶೀರ್ಷಿಕೆಯ ಅಡಿ ಹಾಕಲು ಹೇಳುತ್ತದೆ. ಅನುವಾದಕನದು ಹೆಚ್ಚುವರಿ ನಮೂದು. ಕನ್ನಡದ ಯಾವ ಗ್ರಂಥಾಲಯವೂ ಹಾಗೆ ಮಾಡುವುದಿಲ್ಲ, ಮಾಡಬಾರದು ಕೂಡ. ನ್ಯೂಮನ್ನನ ಪ್ರಾರ್ಥನಾಗೀತೆಯನ್ನು ಕನ್ನಡದಲ್ಲಿ ಹಾಡುವ ಮಕ್ಕಳಿಗೆ ನ್ಯೂಮನ್ನನ ಹೆಸರು ಗೊತ್ತಿಲ್ಲ. ಅಲ್ಲಿಯ ಛಂದಸ್ಸು ಕನ್ನಡಕ್ಕೆ ಹೊಸದು. ನವೋದಯದ ಕವಿಗಳು ಕಲಿತದ್ದು ಆ ಪುಸ್ತಕದಿಂದ. ಆಯ್ಕೆ, ಭಾಷೆ, ಲಯ ಮೂರೂ ಒಬ್ಬರದಾಗಿರುವಾಗ ಮತ್ತು ಓದುಗ ಹುಡುಕುವುದು ಅವರ ಹೆಸರಿನಲ್ಲೇ ಆಗಿರುವಾಗ ರಂಗನಾಥನ್ ಅವರ 'ಹುಡುಕುವ ಹೆಸರು' ಎಂಬ ಸೂತ್ರವೇ ಮೇಲುಗೈ ಪಡೆಯಬೇಕು. ಮೂಲಕವಿಗಳ ಹೆಸರುಗಳು ಒಳಗಿನ ಪದ್ಯಗಳ ಮಟ್ಟದಲ್ಲಿ ಬರಲಿ.

'ಗದಾಯುದ್ಧ ನಾಟಕಂ' ಇದರ ತಲೆಕೆಳಗು. ಒಂದು ಸಾಹಿತ್ಯರೂಪವನ್ನು ಇನ್ನೊಂದಕ್ಕೆ ಬದಲಿಸಿದರೆ, ಕಾದಂಬರಿಯನ್ನು ನಾಟಕ ಮಾಡಿದಂತೆ, ಬದಲಿಸಿದವನೇ ಕರ್ತೃ ಎನ್ನುತ್ತದೆ ನಿಯಮ. ಅದರ ಪ್ರಕಾರ ಬಿ.ಎಂ.ಶ್ರೀ. ಕರ್ತೃ, ರನ್ನ ಹಿನ್ನೆಲೆಗೆ. ಆದರೆ ಕಾದಂಬರಿಯನ್ನು ನಾಟಕ ಮಾಡುವವನು ಮಾತುಗಳನ್ನು ತಾನು ಬರೆಯುತ್ತಾನೆ. ಇಲ್ಲಿ ಮಾತುಗಳು ಬಹುಮಟ್ಟಿಗೆ ಹತ್ತನೆಯ ಶತಮಾನದ ರನ್ನನವೇ. ದುರ್ಯೋಧನನನ್ನು ದುರಂತನಾಯಕನಾಗಿ ಕಾಣುವ ದೃಷ್ಟಿ, ಅದಕ್ಕೆ ತಕ್ಕ ಆಯ್ಕೆ ಮತ್ತು ಜೋಡಣೆ ಬಿ.ಎಂ.ಶ್ರೀ. ಅವರದು. ನಿಯಮ ಹೆಸರನ್ನು ಕೇಳಿತೇ ಹೊರತು ಅಕ್ಷರ ಯಾರದು ಎಂದು ಕೇಳಲಿಲ್ಲ. ನಾನಾದರೆ ಇಬ್ಬರನ್ನೂ ಕರ್ತೃಗಳ ಸ್ಥಾನದಲ್ಲಿಟ್ಟು, ಒಬ್ಬನ ಮುಂದೆ 'ಪಠ್ಯ', ಇನ್ನೊಬ್ಬರ ಮುಂದೆ 'ನಾಟಕರೂಪ' ಎಂದು ಬರೆಯುತ್ತೇನೆ. ಒಂಬತ್ತು ಶತಮಾನಗಳಿಗೂ ಮಿಕ್ಕ ಅಂತರದಲ್ಲಿ ಇಬ್ಬರು ಸಹಲೇಖಕರು ಎಂದು ಯಾರಾದರೂ ನಕ್ಕರೆ ನಗಲಿ.

ಹಾಡಿದವಳು, ಬರೆದುಕೊಂಡವರು

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನೂ ರಾಮನಗರದ ಬಳಿಯ ಜಾನಪದ ಲೋಕವನ್ನೂ ಕಟ್ಟಿದವರು. ಅವರ ಸಂಗ್ರಹಗಳಲ್ಲಿ 'ಸೋಬಾನೆ ಚಿಕ್ಕಮ್ಮನ ಪದಗಳು' ಎಂಬುದೊಂದು. ಸಾಮಾನ್ಯವಾಗಿ ಜನಪದ ಗೀತೆಗಳ ಸಂಕಲನದಲ್ಲಿ ಹಾಡಿದವರ ಹೆಸರು ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ನಾಗೇಗೌಡರು ಅದನ್ನು ಶೀರ್ಷಿಕೆಗೇ ತಂದರು. ಆದರೂ ಅಂಕಣದಲ್ಲಿ ಹೋಗುವುದು 'ನಾಗೇಗೌಡ, ಎಚ್.ಎಲ್.' ಎಂದು ಮಾತ್ರ.

ನಾಗೇಗೌಡರು ಅಲ್ಲಿ ಕರ್ತೃವಲ್ಲ, ಸಂಗ್ರಾಹಕರು. ಅದು ಕಡಿಮೆ ಕೆಲಸವೆಂದು ಇದರ ಅರ್ಥವಲ್ಲ. ಅವರು ಬರೆದ 'ದೊಡ್ಡಮನೆ' ಕಾದಂಬರಿಯ ಕರ್ತೃತ್ವಕ್ಕೂ ಇದಕ್ಕೂ ಜಾತಿಯ ವ್ಯತ್ಯಾಸವಿದೆ ಎಂದಷ್ಟೇ ಅರ್ಥ. ಚಿಕ್ಕಮ್ಮ ಕರ್ತೃವೇ? ಪದಗಳು ಪರಂಪರೆಯಿಂದ ಬಂದವು, ಆಕೆ ಹಾಡಿದಳಷ್ಟೆ ಎಂದು ನಿಯಮ ಹೇಳುತ್ತದೆ. ಇಲ್ಲಿ ಆಂಗ್ಲೋ ಅಮೆರಿಕನ್ ನಿಯಮಾವಳಿಯ ಒಂದು ಒಳವಿರೋಧವನ್ನು ಗಮನಿಸಬೇಕು. ಹಲವರ ರಚನೆಗಳನ್ನು ಒಬ್ಬ ಕಲಾವಿದೆ ಹಾಡಿದ ಧ್ವನಿಮುದ್ರಿಕೆಯಾದರೆ, ಮುಖ್ಯ ನಮೂದನ್ನು ಆ ಗಾಯಕಿಯ ಹೆಸರಿನಲ್ಲೇ ಮಾಡಲು ಅದು ಅವಕಾಶ ಕೊಡುತ್ತದೆ. ಅಂದರೆ ಅವೇ ಹಾಡುಗಳು ಕ್ಯಾಸೆಟ್ಟಿನಲ್ಲಿ ಬಂದರೆ ಚಿಕ್ಕಮ್ಮ ಶೀರ್ಷದಲ್ಲಿ. ಕಾಗದದ ಮೇಲೆ ಬಂದರೆ ಆಕೆಗೆ ಜಾಗವೇ ಇಲ್ಲ! ಆಕೆ ಮಾಡಿದ ಕೆಲಸ ಎರಡರಲ್ಲೂ ಒಂದೇ. ಬದಲಾದದ್ದು ಅಂಗಡಿಯಲ್ಲಿ ಕೊಂಡ ವಸ್ತು. ಆರ್.ಡಿ.ಎ. ಈ ಗೊಂದಲವನ್ನು ಸ್ವಲ್ಪ ತಿಳಿಗೊಳಿಸಿದೆ, ಆದರೆ ಜನಪದ ಗಾಯಕಿಯನ್ನು ಬರೀ 'ಪ್ರದರ್ಶಕಿ' ಎಂದು ಸಹಕರ್ತೃಗಳ ಸಾಲಿಗೆ ಸೇರಿಸುತ್ತದೆ. ಬಾಯಿಪರಂಪರೆಯ ಹಾಡುಗಾರ್ತಿ ಒಂದೊಂದು ಸಲ ಹಾಡುವಾಗಲೂ ನುಡಿ ಕೂಡಿಸುತ್ತಾಳೆ, ಬಿಡುತ್ತಾಳೆ, ಬದಲಿಸುತ್ತಾಳೆ. ಅಚ್ಚಾದ ಪಠ್ಯಕ್ಕೆ ಬೇರೆ ಮೂಲ ಇಲ್ಲ. ಆಕೆಯ ಆ ದಿನದ ಹಾಡೇ ಮೂಲ. ಮುದ್ರಿತ ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮಾವಳಿಗಳಿಗೆ ಇದು ಅರ್ಥವಾಗಿಲ್ಲ ಎಂದೇ ನಾನು ಹೇಳುತ್ತೇನೆ.

ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' (1942) ಪುಸ್ತಕವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದರ ಕವಿತೆಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ಅವರು 1992ರಲ್ಲಿ ಮಾಡಿದ ಚಲನಚಿತ್ರ ಬೇರೆ ಕೃತಿ, ಬೇರೆ ನಮೂದು. ಶೀರ್ಷಿಕೆ ಒಂದೇ ಎಂದು ಎರಡನ್ನೂ ಒಂದೇ ಸಾಲಿಗೆ ತುರುಕದಿದ್ದರೆ ಆಯಿತು.

ವಿಜ್ಞಾನ ಪತ್ರಿಕೆಗಳು ಕಂಡುಕೊಂಡ ದಾರಿ

ಈ ಸಮಸ್ಯೆಯನ್ನು ಹಳಗನ್ನಡದವರಷ್ಟೇ ಎದುರಿಸುತ್ತಿಲ್ಲ. ಹಿಗ್ಸ್ ಬೋಸಾನ್‌ನ ದ್ರವ್ಯರಾಶಿಯ ಬಗ್ಗೆ 2015ರಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ ಬಂದ ಪ್ರಬಂಧಕ್ಕೆ 5154 ಲೇಖಕರು. 33 ಪುಟಗಳಲ್ಲಿ 24 ಪುಟ ಲೇಖಕರ ಮತ್ತು ಅವರ ಸಂಸ್ಥೆಗಳ ಪಟ್ಟಿಯೇ. ಪತ್ತೆಕಾರಕವನ್ನು ಕಟ್ಟಿದವರು, ತಂತ್ರಾಂಶ ಬರೆದವರು, ವಾಕ್ಯ ಬರೆದವರು ಎಲ್ಲರೂ ಅಲ್ಲಿ 'ಲೇಖಕರು'. ಪದ ಎಳೆದಷ್ಟೂ ತೆಳುವಾಯಿತು. ಇದಕ್ಕೆ ಉತ್ತರವಾಗಿ ಪತ್ರಿಕೆಗಳು ಪರಿಕಲ್ಪನೆ, ದತ್ತಾಂಶ ಸಂಗ್ರಹ, ತಂತ್ರಾಂಶ, ಮೊದಲ ಕರಡು ಎಂದು 14 ಪಾತ್ರಗಳ ಪಟ್ಟಿಯನ್ನು ಬಳಸತೊಡಗಿದವು. 2022ರಲ್ಲಿ ಅದು ಅಮೆರಿಕದ ಅಧಿಕೃತ ಮಾನಕವೂ ಆಯಿತು. ಯಾರು ಎಂಬುದರ ಜೊತೆಗೆ ಏನು ಮಾಡಿದರು ಎಂಬುದೂ ದಾಖಲಾಗುತ್ತದೆ.

ಗ್ರಂಥಾಲಯಗಳ ಗಣಕ ನಮೂನೆಯಲ್ಲಿ ಇದಕ್ಕೆ ಜಾಗ ಹಿಂದಿನಿಂದಲೂ ಇದೆ. ಕೋಹಾದಂಥ ತಂತ್ರಾಂಶಗಳು ಬಳಸುವ ಮಾರ್ಕ್ 21ರಲ್ಲಿ 100ನೆಯ ಕ್ಷೇತ್ರ ಮುಖ್ಯ ಕರ್ತೃವಿಗೆ. ಅದು ಒಂದೇ ಸಲ ಬರಬಹುದು. 700ನೆಯದು ಉಳಿದವರಿಗೆ, ಎಷ್ಟು ಸಲವಾದರೂ ಬರಬಹುದು. ಎರಡರಲ್ಲೂ ಪಾತ್ರವನ್ನು ಬರೆಯಲು 'ಇ' ಎಂಬ ಉಪಕ್ಷೇತ್ರವಿದೆ. ಹೆಚ್ಚಿನ ಕನ್ನಡ ನಮೂದುಗಳಲ್ಲಿ ಅದು ಖಾಲಿ. ಸಣ್ಣ ಶಾಲೆಯಲ್ಲಿ ಇದಕ್ಕೆಲ್ಲ ಬಿಡುವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ರಿಜಿಸ್ಟರೇ ಇದ್ದರೂ ಹೆಸರಿನ ಮುಂದೆ ಅನು., ಸಂ., ಸಂಗ್ರಹ, ರೂಪಾಂತರ, ಆರೋಪಿತ ಎಂಬ ಒಂದು ಪದ ಸಾಕು. ಒಂದನ್ನಂತೂ ಮಾಡಲೇಬಾರದು: ಮುಖಪುಟದಲ್ಲಿ ನಾಲ್ಕು ಹೆಸರಿರುವಾಗ 'ಮತ್ತು ಇತರರು' ಎಂದು ಬರೆದು ಗಣಕಕ್ಕೆ ಏರಿಸುವುದು. ಪುಸ್ತಕ ಕಳೆದ ಮೇಲೆ ಆ 'ಇತರರು' ಯಾರೆಂದು ಯಾವ ತಂತ್ರಾಂಶವೂ ಹೇಳಲಾರದು.

ಹೆಸರುಗಳ ಗೊಂದಲವೂ ಒಂದಿದೆ. ಕೊನೆಯ ಹೆಸರಿನಿಂದ ನಮೂದಿಸುವ ಪಾಶ್ಚಾತ್ಯ ಪದ್ಧತಿಯಲ್ಲಿ ನಮ್ಮ ಕಪಾಟಿನ 'ನರಸಿಂಹಾಚಾರ್' ಎಂಬಲ್ಲಿ ನಾಲ್ವರು ಗುಂಪುಗೂಡುತ್ತಾರೆ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (1905–1998), ಅವರ ಸಮಕಾಲೀನರಾದ ಡಿ.ಎಲ್. ನರಸಿಂಹಾಚಾರ್ (1906–1971), ಶ್ರೀರಂಗಪಟ್ಟಣ ತಾಲ್ಲೂಕಿನ ಮಂಡ್ಯದ ಕೊಪ್ಪಲಿನ ಆರ್. ನರಸಿಂಹಾಚಾರ್ (1860–1936), ಜೊತೆಗೆ ಎಸ್.ಜಿ. ನರಸಿಂಹಾಚಾರ್ (1862–1907). ಹೆಸರಿನ ಪಕ್ಕದಲ್ಲಿ ಜನನ ಮರಣದ ವರ್ಷಗಳನ್ನು ಬರೆಯುವುದು ಅಲಂಕಾರಕ್ಕಲ್ಲ ಎಂಬುದು ಇವರನ್ನು ಕಂಡಾಗ ಗೊತ್ತಾಗುತ್ತದೆ.

ಕೊನೆಯ ಇಬ್ಬರ ಬಗ್ಗೆ ಇನ್ನೊಂದು ಮಾತು. ಯಾವ ಕನ್ನಡ ಕೃತಿಯನ್ನು ಯಾವ ಕವಿ ಬರೆದ, ಯಾವಾಗ ಬರೆದ ಎಂದು ನಾವು ಇಂದು ಹೇಳುವುದರಲ್ಲಿ ಬಹುಪಾಲು 'ಕರ್ಣಾಟಕ ಕವಿಚರಿತೆ'ಯ ಮೇಲೆ ನಿಂತಿದೆ. ಅದರ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದವು. ಮೊದಲನೆಯದನ್ನು ಇಬ್ಬರು ನರಸಿಂಹಾಚಾರ್ಯರೂ ಸೇರಿ ಸಿದ್ಧಪಡಿಸಿದರು, ಎಸ್.ಜಿ. ಅವರು ಅದೇ ವರ್ಷ ತೀರಿಕೊಂಡರು, ಉಳಿದೆರಡನ್ನು ಆರ್. ಅವರೊಬ್ಬರೇ ಮುಗಿಸಿದರು. ಮೂರು ಸಂಪುಟಗಳಿಗೂ ಸೇರಿ ಒಂದೇ ನಮೂದು ಮಾಡುವ ಪದ್ಧತಿಯಿಂದಾಗಿ ಸೂಚಿಗಳಲ್ಲಿ 'ನರಸಿಂಹಾಚಾರ್, ಆರ್.' ಒಬ್ಬರೇ ಉಳಿಯುತ್ತಾರೆ. ಸಂಪುಟಕ್ಕೆ ಒಂದರಂತೆ ಸಾಲು ಬರೆದರೆ ಮೊದಲ ಸಾಲಿನಲ್ಲಿ ಎರಡು ಹೆಸರು ಬರುತ್ತವೆ, ಮುಂದಿನ ಎರಡು ಸಾಲುಗಳಲ್ಲಿ ಒಂದೊಂದು.